ತೋಟದ ಕೆಲಸಕ್ಕೆ ಸೇನೆಯ ಹಳೆಯ ಜೋಂಗಾ: ಹಲವು ವರ್ಷಗಳ ಬಳಕೆಯ ನಂತರ

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಬೆಟ್ಟದಿಂದ ಸೊಪ್ಪು, ದರಕು (ಒಣಗಿದ ಎಲೆ) ತರುವುದಕ್ಕೂ ತೋಟದಿಂದ ಅಡಿಕೆ ಕೊನೆ ಸಾಗಿಸುವುದಕ್ಕೂ ಹಲವು ವರ್ಷಗಳಿಂದ ಜೋಂಗಾ ಜೀಪನ್ನೇ ನೆಚ್ಚಿಕೊಂಡಿದ್ದೇವೆ. ನಿಸ್ಸಾನ್ ಪ್ಯಾಟ್ರೋಲ್ 60 ಮಾದರಿಯನ್ನು ಆಧರಿಸಿ ಸೇನೆಗಾಗಿ ಜಬಲ್‌ಪುರದಲ್ಲಿ ತಯಾರಾದ ಈ ಗಾಡಿಗೆ 3956 ಸಿಸಿಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇದೆ. ಹಿಂದಿನ ಬೆಂಚುಗಳನ್ನು ಕಳಚಿಟ್ಟು ನಾವು ಪಿಕಪ್ಪಿನಂತೆ ಬಳಸುತ್ತೇವೆ.

ಇದರ ದೊಡ್ಡ ಗುಣವೆಂದರೆ ಕೆಟ್ಟದ್ದು ಏನೆಂಬುದು ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಆಷಾಢದ ಜಡಿಮಳೆಯಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಲಿಪ್ ಬಿಡಿಸಿ, ಮುಚ್ಚಳದೊಳಗಿನ ತೇವವನ್ನು ಒಣಬಟ್ಟೆಯಿಂದ ಒರೆಸಿ, ಕಪ್ಪುಗಟ್ಟಿದ ಪಾಯಿಂಟನ್ನು (ಕಿಡಿಗಾಗಿ ಕೂಡಿ ಬಿಡುವ ಲೋಹದ ತುದಿಗಳನ್ನು) ಎಮರಿ ಪೇಪರಿನಿಂದ ತಿಕ್ಕಿ, ಫೀಲರ್ ಗೇಜಿನ ತೆಳು ಅಳತೆಪಟ್ಟಿ ತೂರಿಸಿ ಅದರ ಅಂತರ ಸರಿಪಡಿಸಿದರೆ ಹೆಚ್ಚಿನ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಕಿಡಿ ಸರಿಯಿದ್ದೂ ಎಂಜಿನ್ ಏಳದಿದ್ದರೆ ಕಾರ್ಬೊರೇಟರಿಗೆ ಪೆಟ್ರೋಲ್ ಬರುತ್ತಿದೆಯೇ ಎಂದು ನೋಡಬೇಕು. ಲ್ಯಾಪ್‌ಟಾಪ್ ಜೋಡಿಸಿ ದೋಷ ಹುಡುಕುವ ಪ್ರಮೇಯವೇ ಇಲ್ಲ. ಮುಂದಿನ ಗಾಜು ಕೂಡ ಸಪಾಟಾಗಿರುವುದರಿಂದ ಅಳತೆ ಕೊಟ್ಟು ಲ್ಯಾಮಿನೇಟೆಡ್ ಗಾಜನ್ನು ಕತ್ತರಿಸಿ ಕೂರಿಸಬಹುದು. ವರ್ಕ್‌ಶಾಪಿನಿಂದ ದೂರವಿದ್ದಾಗಲೂ ಚಾಲಕನೇ ರಿಪೇರಿ ಮಾಡಿಕೊಳ್ಳಬೇಕೆಂಬ ಸೇನೆಯ ಅಗತ್ಯವು ನಮ್ಮಂಥ ಒಂಟಿ ಮನೆಗಳ ಅಗತ್ಯಕ್ಕೂ ಸರಿಯಾಗಿ ಹೊಂದುತ್ತದೆ.

ಫೋರ್‌ವೀಲ್ ಹಾಕಿ ಲೋ ರೇಂಜಿಗೆ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರಿಗೆ) ತಂದರೆ ಕೆಸರಿನ ಏರನ್ನು ಲೋಡಿನೊಂದಿಗೆ ನಿಧಾನವಾಗಿ, ಆದರೆ ನಿಲ್ಲದೆ ಹತ್ತುತ್ತದೆ. ಖಾಲಿ ಗಾಡಿಯಲ್ಲಿ ಮಾತ್ರ ನಾಲ್ಕೂ ಕಡೆಯ ಪಾಟಾ (ಲೀಫ್ ಸ್ಪ್ರಿಂಗ್) ಬೆನ್ನಿಗೆ ಬಡಿಯುತ್ತದೆ. ಪವರ್ ಸ್ಟೀಯರಿಂಗ್ ಇಲ್ಲ. ಹಳ್ಳ ದಾಟಿದ ಮೇಲೆ ಡ್ರಮ್ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಲೇಬೇಕು. ದೇವಿಮನೆ ಘಟ್ಟ ಇಳಿಯುವಾಗ ಬ್ರೇಕಿಗಿಂತ ಗೇರನ್ನೇ ನಂಬುತ್ತೇನೆ. ಲೀಟರಿಗೆ ಐದು ಕಿಲೋಮೀಟರಿನ ಆಸುಪಾಸು ಓಡುವ ಗಾಡಿಯಾದ್ದರಿಂದ ನಿತ್ಯ ಕುಮಟೆಗೆ ಹೋಗಿಬರುವವರಿಗೆ ನಾನಿದನ್ನು ಶಿಫಾರಸು ಮಾಡಲಾರೆ. ಅನೇಕರು ಡೀಸೆಲ್ ಎಂಜಿನ್ ಕೂರಿಸಿಕೊಳ್ಳುತ್ತಾರೆ, ಅದಕ್ಕೆ ಆರ್‌ಟಿಒ ಅನುಮತಿಯೂ ಬೇಕು. ಈ ಪೆಟ್ರೋಲ್ ಎಂಜಿನ್ನಿನ ನಯವಾದ ಎಳೆತವನ್ನು ಬಿಟ್ಟುಕೊಡುವ ಮನಸ್ಸು ನನಗಿಲ್ಲ.

ಕೊಳ್ಳುವವರು ಸೇನೆಯ ಹರಾಜಿನ ಕಾಗದಪತ್ರ ಮತ್ತು ನೋಂದಣಿಯನ್ನು ಮೊದಲು ಪರಿಶೀಲಿಸಲಿ. ಖಾಸಗಿ ಗಾಡಿಗೆ ಸೇನೆಯ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ಕಾರವಾರ, ಅಂಕೋಲೆಯ ಕಡೆ ಓಡಿದ ಗಾಡಿಯಾದರೆ ಉಪ್ಪುಗಾಳಿಗೆ ಚಾಸಿ ತಿಂದುಹೋಗಿರುವ ಸಂಭವ ಹೆಚ್ಚು. ಹೊಸ ಪೇಂಟಿನ ಹೊಳಪು ನೋಡಿ ಒಪ್ಪದೆ, ಪಾಟಾ ಕೂರುವ ಬ್ರಾಕೆಟ್‌ಗಳ ಬುಡವನ್ನು ಸುತ್ತಿಗೆಯಿಂದ ತಟ್ಟಿ, ಗಟ್ಟಿ ಸದ್ದು ಬಂದರೆ ಮಾತ್ರ ಬೆಲೆಯ ಮಾತಿಗೆ ಇಳಿಯಿರಿ.