ಮುಟ್ಟಿನ ನೋವಿಗೆ ಹೀಟಿಂಗ್ ಪ್ಯಾಡ್: ನಾಲ್ಕು ವರ್ಷ ಬಳಸಿದ ಮೇಲೆ

ಈ ಎಲೆಕ್ಟ್ರಿಕ್ ಹೀಟಿಂಗ್ ಪ್ಯಾಡ್ ತಗೊಂಡಿದ್ದು 2021ರ ಮಳೆಗಾಲದಲ್ಲಿ, ಸುಮಾರು 800 ರೂಪಾಯಿಗೆ. ಅಲ್ಲಿಯವರೆಗೆ ಕಾಲೇಜು ದಿನಗಳಿಂದಲೂ ಪ್ರತಿ ತಿಂಗಳು ಮಾತ್ರೆಯೇ. ಮೆಫೆನಮಿಕ್ ಆಸಿಡ್ ಇರುವ ಮಾತ್ರೆ, ಮೆಡಿಕಲ್ ಶಾಪಿಗೆ ಹೋಗಿ "ಹೊಟ್ಟೆನೋವು, ಡೇಟ್ ಆಗಿದೆ" ಅಂದರೆ ಸಾಮಾನ್ಯವಾಗಿ ಕೈಗಿಡುವುದು ಅದನ್ನೇ. ನೋವು ಹೋಗುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಗ್ಗೆ ಪಾಠ ಮಾಡಲು ಸ್ಕೂಲಿಗೆ ಓಡುವ ಗಡಿಬಿಡಿಯಲ್ಲಿ ಖಾಲಿ ಹೊಟ್ಟೆಗೆ ನುಂಗಿ ನುಂಗಿ ಎದೆ ಉರಿ ಶುರುವಾಯಿತು. ಮಾತ್ರೆ ಕಡಿಮೆ ಮಾಡಮ್ಮ ಅಂದರು ಡಾಕ್ಟರ್. ಶಾಖ ಕೊಟ್ಟು ನೋಡು ಅಂತಲೂ ಹೇಳಿದರು.

ಶಾಖ ನಮ್ಮ ಮನೆಗೆ ಹೊಸದೇನಲ್ಲ. ಅಜ್ಜಿ ಕಲ್ಲುಪ್ಪು ಹುರಿದು, ಹಳೇ ಸೀರೆ ತುಂಡಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಒತ್ತುತ್ತಿದ್ದರು. ಚೆನ್ನಾಗಿರುತ್ತಿತ್ತು, ಆದರೆ ಹತ್ತು ನಿಮಿಷಕ್ಕೆ ಆರುತ್ತಿತ್ತು. ಆಮೇಲೆ ರಬ್ಬರಿನ ಹಾಟ್ ವಾಟರ್ ಬ್ಯಾಗ್ ಬಂತು. ಅದರ ಮುಚ್ಚಳದ ವಾಷರ್ ಸವೆದು ಒಮ್ಮೆ ರಾತ್ರಿ ಬಿಸಿನೀರು ಹಾಸಿಗೆಗೆಲ್ಲ ಸೋರಿತ್ತು. ಪ್ಯಾಡ್‌ನಲ್ಲಿ ಆ ಭಯ ಇಲ್ಲ. ಪ್ಲಗ್ ಹಾಕಿ ಒತ್ತಿದರೆ ಎರಡು ಮೂರು ನಿಮಿಷದಲ್ಲಿ ಬೆಚ್ಚಗಾಗುತ್ತದೆ, ಬೆಚ್ಚಗೇ ಇರುತ್ತದೆ. ಕರೆಂಟ್ ಹೋದರೆ ಮಾತ್ರ ಏನೂ ಮಾಡುವ ಹಾಗಿಲ್ಲ, ಅದಕ್ಕೇ ಹಳೇ ಬ್ಯಾಗನ್ನು ವಾಷರ್ ಬದಲಿಸಿ ಇಟ್ಟುಕೊಂಡಿದ್ದೇನೆ.

ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಮೊದಲ ವರ್ಷ ಮೂರನೇ ನಂಬರಿನಲ್ಲೇ ಇಡುತ್ತಿದ್ದೆ, ಅಂದರೆ ಅತಿ ಜಾಸ್ತಿ ಬಿಸಿ, ಅದೂ ನೇರವಾಗಿ ಚರ್ಮದ ಮೇಲೆ, ಹಾಗೇ ನಿದ್ದೆ ಹೋಗಿಬಿಡುತ್ತಿದ್ದೆ. ಒಂದು ದಿನ ಸ್ನಾನ ಮಾಡುವಾಗ ನೋಡಿದರೆ ಕಿಬ್ಬೊಟ್ಟೆ ಮೇಲೆ ಮೀನಿನ ಬಲೆಯ ಹಾಗೆ ಕಂದು ಗೆರೆಗಳು. ಉಜ್ಜಿದರೂ ಹೋಗಲಿಲ್ಲ, ಉರಿ ಇಲ್ಲ, ನೋವಿಲ್ಲ. ಪದೇ ಪದೇ ಒಂದೇ ಜಾಗಕ್ಕೆ ಶಾಖ ತಾಗಿದರೆ ಹೀಗಾಗುತ್ತದೆ ಅಂದರು ಚರ್ಮದ ಡಾಕ್ಟರ್. ಮಾಸೋಕೆ ಏಳೆಂಟು ತಿಂಗಳು ಹಿಡಿಯಿತು. ಈಗ ಒಂದನೇ ನಂಬರ್, ಮಧ್ಯೆ ಕಾಟನ್ ಟವೆಲ್, ಅರ್ಧ ಗಂಟೆ ಆದ ಮೇಲೆ ಸ್ವಲ್ಪ ಬಿಡುವು. ನಿದ್ದೆ ಬರುವ ಹಾಗಾದರೆ ಸ್ವಿಚ್ ಆಫ್. ನನ್ನದರಲ್ಲಿ ತಾನಾಗೇ ಆಫ್ ಆಗುವ ಟೈಮರ್ ಇಲ್ಲ, ನೀವು ತಗೊಳ್ಳುವಾಗ ಅದು ಇದೆಯಾ ನೋಡಿಯೇ ತಗೊಳ್ಳಿ.

ಅಷ್ಟು ಬಿಸಿ ಬೇಕಾಗಿಯೂ ಇಲ್ಲ. ಮುಟ್ಟಿನ ಸಮಯದಲ್ಲಿ ಗರ್ಭಕೋಶದ ಒಳಪದರದಿಂದ ಪ್ರೊಸ್ಟಗ್ಲ್ಯಾಂಡಿನ್ ಅನ್ನುವ ರಾಸಾಯನಿಕ ಬರುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಮಾತ್ರೆ ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತದೆ, ಶಾಖ ಸ್ನಾಯುವನ್ನು ಸಡಿಲ ಮಾಡುತ್ತದೆ. 2001ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿಯ ಪಟ್ಟಿಯನ್ನು ದಿನಕ್ಕೆ 12 ಗಂಟೆ ಹೊಟ್ಟೆಗೆ ಕಟ್ಟಿ ನೋಡಿದರು, 400 ಮಿಲಿಗ್ರಾಂ ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆ ಜೊತೆ ಹೋಲಿಸಿದರು. ಶಾಖವೂ ಮಾತ್ರೆಯಷ್ಟೇ ಕೆಲಸ ಮಾಡಿತು, ಎರಡೂ ಸೇರಿದಾಗ ನೋವು ಇನ್ನೂ ಬೇಗ ಇಳಿಯಿತು. 39 ಡಿಗ್ರಿ ಅಂದರೆ ಜ್ವರ ಬಂದ ಮೈಯಷ್ಟು ಬಿಸಿ, ಅಷ್ಟೇ.

ನನಗೆ ಗೊತ್ತಾದ ಇನ್ನೊಂದು ವಿಷಯ, ನೋವು ಏರಿದ ಮೇಲೆ ಇಟ್ಟರೆ ಅರ್ಧಂಬರ್ಧ. ಸೊಂಟ ಹಿಡಿದ ಹಾಗಾಗಿ ತೊಡೆ ಜಗ್ಗಲು ಶುರುವಾಗುತ್ತಲ್ಲ, ಆಗಲೇ ಇಡಬೇಕು. ನಾನು ಹತ್ತು ನಿಮಿಷ ಸೊಂಟಕ್ಕೆ, ಆಮೇಲೆ ಹೊಟ್ಟೆಗೆ ಇಡುತ್ತೇನೆ. ಮೊದಲ ದಿನ ಸ್ಕೂಲಿನಲ್ಲಿ ನಾಲ್ಕೈದು ಕ್ಲಾಸ್ ನಿಂತು ಪಾಠ ಮಾಡಬೇಕು, ಅಲ್ಲಿ ಪ್ಲಗ್ ಹಾಕಿಕೊಂಡು ಕೂರೋಕಾಗುತ್ತಾ? ಆ ದಿನಕ್ಕೆ ಅಂಟಿಸುವ ಶಾಖದ ಪಟ್ಟಿ ಇಟ್ಟುಕೊಂಡಿದ್ದೇನೆ. ಒಳಗೆ ಕಬ್ಬಿಣದ ಪುಡಿ ಇರುತ್ತದೆ, ಗಾಳಿ ತಾಗಿದರೆ ಬಿಸಿಯಾಗುತ್ತದೆ. ಒಳಲಂಗದ ಮೇಲೆ ಅಂಟಿಸಿದರೆ ಸೀರೆ ಒಳಗೆ ಯಾರಿಗೂ ಕಾಣುವುದಿಲ್ಲ. ಒಂದೇ ಸಲ ಬಳಸಿ ಬಿಸಾಡಬೇಕು, ಅದೇ ಬೇಜಾರು.

ಶುಂಠಿ ಕಷಾಯ, ಮೆಂತ್ಯ ನೀರು, ಜೀರಿಗೆ ಬೆಲ್ಲ ಎಲ್ಲ ಕುಡಿದಿದ್ದೇನೆ. ಶುಂಠಿ ಹೊಟ್ಟೆ ತೊಳಸುವುದನ್ನು ತಗ್ಗಿಸುತ್ತದೆ, ನೋವಿಗೆ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಸಂಜೆ ನಡಿಗೆಯಿಂದ ಮಾತ್ರ ನಿಜವಾಗಿ ಅನುಕೂಲ ಆಗಿದೆ, ಆದರೆ ತಿಂಗಳಿಡೀ ನಡೆದರೆ.

ತಂಗಿಗೂ ಇದೇ ಪ್ಯಾಡ್ ಕೊಡಿಸಿದ್ದೆ. "ಅಕ್ಕಾ, ನಿಂಗೆ ಹೋಗುತ್ತೆ, ನಂಗ್ಯಾಕೆ ಹೋಗ್ತಿಲ್ಲ?" ಅಂತ ಅತ್ತಿದ್ದಳು. ಅವಳಿಗೆ ಮುಟ್ಟಿಗೆ ವಾರ ಮುಂಚೆಯೇ ನೋವು, ಮುಗಿದ ಮೇಲೂ ನೋವು, ಟಾಯ್ಲೆಟ್‌ಗೆ ಹೋದರೂ ನೋವು. ನಾನು ಶಾಖ ಕೊಡು, ಸರಿ ಹೋಗುತ್ತೆ ಅನ್ನುತ್ತಾ ಒಂದು ವರ್ಷ ಕಳೆದೆ. ಸ್ಕ್ಯಾನ್ ಮಾಡಿದರೆ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್, ಅಂದರೆ ಹಳೇ ರಕ್ತ ತುಂಬಿದ ಗುಳ್ಳೆ. ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೂ ಬೆಳೆಯುವ ಕಾಯಿಲೆ. ಆ ಒಂದು ವರ್ಷ ನೆನೆದರೆ ಈಗಲೂ ಸಂಕಟ ಆಗುತ್ತದೆ. ಶಾಖಕ್ಕೂ ಮಾತ್ರೆಗೂ ಬಗ್ಗದ ನೋವು, ತಿಂಗಳು ತಿಂಗಳು ಏರುತ್ತಲೇ ಇರುವ ನೋವು ಇದ್ದರೆ ದಯವಿಟ್ಟು ಕಾಯಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಪ್ಯಾಡ್ ಬಗ್ಗೆ ದೂರು ಒಂದೇ. ಎರಡನೇ ವರ್ಷ ರಿಮೋಟಿನ ಬುಡದಲ್ಲಿ ವೈರ್ ಸಡಿಲವಾಯಿತು, ವಾರಂಟಿ ಮುಗಿದಿತ್ತು. ಟೇಪ್ ಸುತ್ತಿ ಬಳಸಬೇಡಿ, ಮೈಗೆ ತಾಗುವ ವಸ್ತು. ನಾನು ಹೊಸದೇ ತಗೊಂಡೆ, ಅದೇ ಮಾಡೆಲ್. ಈಗ ಮಡಚದೆ ಸುರುಳಿ ಸುತ್ತಿ ಇಡುತ್ತೇನೆ, ವೈರ್ ಇನ್ನೂ ಗಟ್ಟಿಯಾಗಿದೆ. ಮಾತ್ರೆ ಪೂರ್ತಿ ಬಿಟ್ಟಿಲ್ಲ. ಮೊದಲು ತಿಂಗಳಿಗೆ ಆರೇಳು ಬೇಕಿತ್ತು, ಈಗ ಒಂದು, ಅದೂ ಊಟ ಆದ ಮೇಲೆ. ಕೆಲವು ತಿಂಗಳು ಅದೂ ಇಲ್ಲ.