ಅಟ್ಟ ಖಾಲಿ ಮಾಡೋಕೆ ನಾಲ್ಕು ದಾರಿ: ಯಾವುದರಲ್ಲಿ ಏನಾಯ್ತು

ಮೈಸೂರಿನಲ್ಲಿ ಅಮ್ಮನ ಮನೆಗೆ ಬಣ್ಣ ಹೊಡೆಸಬೇಕಿತ್ತು. ಪೇಂಟರ್ ಬಂದು ನೋಡಿ, "ಮೊದಲು ಅಟ್ಟ ಖಾಲಿ ಮಾಡ್ಸಿ ಅಕ್ಕ" ಅಂದುಬಿಟ್ಟ. ಇಳಿಸಿದರೆ ಹಾಲ್ ತುಂಬಾ ಸಾಮಾನು. ಹಿತ್ತಾಳೆ ಹಂಡೆ, ಡಬ್ಬದಂಥ ಹಳೇ ಟಿವಿ, ಬಿಚ್ಚಿಟ್ಟ ತೇಗದ ಮಂಚ, ಎರಡು ಟ್ರಂಕು ಬಟ್ಟೆ, ವರ್ಷಗಟ್ಟಲೆಯ ಪೇಪರು, ವಾರಪತ್ರಿಕೆ. ಎಲ್ಲವನ್ನೂ ಒಂದೇ ಕಡೆ ಕೊಟ್ಟು ಕೈತೊಳೆದುಕೊಳ್ಳೋಣ ಅಂದುಕೊಂಡಿದ್ದೆ. ಆಗಲಿಲ್ಲ.

ಮೊದಲು ಗುಜರಿಯವನು. ಬೆಳಿಗ್ಗೆ ಒಂಬತ್ತಕ್ಕೆ ಗಾಡಿ ತಂದು ನಿಲ್ಲಿಸಿದ. ಪೇಪರ್ ಕಟ್ಟನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ಇನ್ನೇನು ಲೆಕ್ಕ ಹೇಳಬೇಕು, ಅಷ್ಟರಲ್ಲಿ ಅಮ್ಮ ಒಳಗಿಂದ ಇನ್ನೂ ಒಡೆಯದ 5 ಕೆಜಿ ಗೋಧಿಹಿಟ್ಟಿನ ಚೀಲ ತಂದರು. "ಇದನ್ನ ಒಂದ್ಸಲ ತೂಗಪ್ಪಾ" ಅಂದರು. ತಕ್ಕಡಿ ತೋರಿಸಿದ್ದು 4.3. ಅವನು ಒಂಚೂರೂ ಮುಜುಗರ ಪಡಲಿಲ್ಲ. "ಓ, ಇದು ಕೆಟ್ಟೋಗಿದೆ ಅಮ್ಮಾ" ಅಂತ ಗೋಣಿಚೀಲದ ಕೆಳಗಿಂದ ಇನ್ನೊಂದು ತಕ್ಕಡಿ ತೆಗೆದ! ಅದರಲ್ಲಿ ಹಿಟ್ಟು ಸರಿಯಾಗಿ ಐದು ಕೆಜಿ ಇತ್ತು. ಪೇಪರ್ 62 ಕೆಜಿ ತೂಗಿತು, ಕೆಜಿಗೆ 13 ರೂಪಾಯಿಯಂತೆ 806 ರೂಪಾಯಿ. ಹಳೇ ತಕ್ಕಡಿಯಲ್ಲಾಗಿದ್ದರೆ 53ರ ಹತ್ತಿರ ನಿಲ್ಲುತ್ತಿತ್ತು.

ಆದರೂ ನನ್ನ ಓಟು ಅವನಿಗೇ. ಅರ್ಧ ಗಂಟೆಯಲ್ಲಿ ಅರ್ಧ ಹಾಲ್ ಖಾಲಿ. ಮುರಿದ ಫ್ಯಾನು, ತುಕ್ಕು ಹಿಡಿದ ಕಬ್ಬಿಣದ ಬಕೆಟ್ಟು, ಮುಚ್ಚಳ ಇಲ್ಲದ ಡಬ್ಬ, ಯಾವುದಕ್ಕೂ ಬೇಡ ಅನ್ನಲಿಲ್ಲ.

ಟಿವಿ ಮಾತ್ರ ಅವನಿಗೆ ಕೊಡಲಿಲ್ಲ. 150 ರೂಪಾಯಿ ಕೊಡ್ತೀನಿ ಅಂದ. ಇಂಥ ಟಿವಿಗಳ ಒಳಗಿನ ತಾಮ್ರ ಕಿತ್ತುಕೊಂಡು, ಪಿಕ್ಚರ್ ಟ್ಯೂಬಿನ ಗಾಜು ಒಡೆದು ಎಲ್ಲೋ ಸುರಿಯುವುದೇ ಜಾಸ್ತಿ. ಆ ಗಾಜಿನಲ್ಲಿ ಸೀಸ ಇರುತ್ತೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಕೊಟ್ಟ ಇ-ತ್ಯಾಜ್ಯದವರಿಗೆ ಕೊಟ್ಟೆ. ದುಡ್ಡೇನೂ ಸಿಗಲಿಲ್ಲ, ಕಾರಿನಲ್ಲಿ ಹೊತ್ತುಕೊಂಡು ಹೋದ ಪೆಟ್ರೋಲೂ ನನ್ನದೇ.

ಎರಡನೇ ದಾರಿ ಆನ್‌ಲೈನ್. ತೇಗದ ಮಂಚವನ್ನು ಜೋಡಿಸಿ, ಫೋಟೋ ತೆಗೆದು, 12,000 ರೂಪಾಯಿ ಅಂತ ಹಾಕಿದೆ. ಹತ್ತೇ ನಿಮಿಷಕ್ಕೆ ಫೋನ್. ತಾನು ಆರ್ಮಿಯವನು, ಟ್ರಾನ್ಸ್‌ಫರ್ ಆಗಿದೆ, ಚೌಕಾಸಿ ಬೇಡ, ಪೂರ್ತಿ ದುಡ್ಡು ಈಗಲೇ ಕಳಿಸ್ತೀನಿ ಅಂದ. ಮಂಚವನ್ನು ನೋಡದೆ ಕೊಳ್ಳುವವನು ಯಾರಪ್ಪಾ ಅಂತ ಆಗಲೇ ಅನುಮಾನ ಬಂತು. ಆಮೇಲೆ ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅಂದ. ಯುಪಿಐನಲ್ಲಿ ಪಿನ್ ಹಾಕೋದು ದುಡ್ಡು ಕೊಡೋಕೆ, ಬರೋ ದುಡ್ಡಿಗೆ ಪಿನ್ ಬೇಕಾಗೋದೇ ಇಲ್ಲ. ಅಮ್ಮನ ಕೈಗೆ ಆ ಫೋನ್ ಸಿಕ್ಕಿದ್ದರೆ ಏನಾಗ್ತಿತ್ತೋ. ಆಮೇಲೆ ಬಂದವರೆಲ್ಲ "ಲಾಸ್ಟ್ ಪ್ರೈಸ್?" ಪಾರ್ಟಿ. ಹತ್ತೊಂಬತ್ತನೇ ದಿನ ಒಬ್ಬರು ಬಂದು, ಕಾಲು ತಟ್ಟಿ ನೋಡಿ, 7,500 ಕೊಟ್ಟು ಒಯ್ದರು. ಪಕ್ಕದ ಬೀದಿಯ ಬಡಗಿ ಮೊದಲ ದಿನವೇ 5,000 ಕೊಡ್ತೀನಿ ಅಂದಿದ್ದ. 2,500 ರೂಪಾಯಿ ಆಸೆಗೆ ಹತ್ತೊಂಬತ್ತು ದಿನ ಹಾಲ್‌ನಲ್ಲಿ ಮಂಚ ಬಳಸಿಕೊಂಡು ಓಡಾಡಿದೆವು. ಪೇಂಟರ್ ಬೇರೆ ಕೆಲಸಕ್ಕೆ ಹೊರಟುಹೋದ.

ಹಂಡೆಯದು ಬೇರೆ ಕಥೆ. ತೂಕ 6.8 ಕೆಜಿ. ಗುಜರಿಯವನು ಕೆಜಿಗೆ 320 ಹೇಳಿದ್ದ. ಪಾತ್ರೆ ಅಂಗಡಿಯಲ್ಲಿ 410. ಅಂದರೆ 612 ರೂಪಾಯಿ ಲಾಭ! ಖುಷಿಯಾಗಿ ಕೊಟ್ಟ ಮೇಲೆ ಗೊತ್ತಾಯ್ತು, ಅವರು ನಗದು ಕೊಡಲ್ಲ, ಬದಲಿಗೆ ಸಾಮಾನೇ ತಗೋಬೇಕು. ಅಮ್ಮ ಒಂದು ಕುಕ್ಕರ್, ಇಡ್ಲಿ ಪಾತ್ರೆ, ಮೂರು ಸ್ಟೀಲ್ ಡಬ್ಬ ಆರಿಸಿಕೊಂಡರು. ಹೋದದ್ದು ಒಂದು, ಬಂದದ್ದು ಐದು. ಇದಕ್ಕೆ ಮನೆ ಖಾಲಿ ಮಾಡೋದು ಅಂತಾರಾ?

ಬಟ್ಟೆಗೆ ನಾನು ನಂಬಿದ್ದು ಗೂಂಜ್ ಸಂಸ್ಥೆಯನ್ನು. 1999ರಿಂದ ಹಳೇ ಬಟ್ಟೆ ಸಂಗ್ರಹಿಸಿ ಬೇಕಾದವರಿಗೆ ತಲುಪಿಸೋ ಕೆಲಸ ಮಾಡ್ತಿದ್ದಾರೆ. ಹಳೇ ಹತ್ತಿಬಟ್ಟೆಯಿಂದ ಮುಟ್ಟಿನ ಪ್ಯಾಡ್ ಕೂಡ ಮಾಡ್ತಾರೆ, ಹಾಗಾಗಿ ಮಾಸಿದ ಹತ್ತಿ ಸೀರೆಯೂ ದಂಡ ಆಗಲ್ಲ. ಆದರೆ ಒಗೆದು, ಒಣಗಿಸಿ, ಮಡಿಸಿ ಕೊಡಬೇಕು. ಎರಡು ದಿನ ವಾಷಿಂಗ್ ಮೆಷಿನ್ ನಿಲ್ಲಲೇ ಇಲ್ಲ. ಎಲ್ಲವನ್ನೂ ಬೆಂಗಳೂರಿಗೆ ತಂದು ಕೊಟ್ಟೆ. ನಾಲ್ಕರಲ್ಲಿ ಮೈಮುರಿಯೋ ಕೆಲಸ ಇದು, ಆದರೆ ಅಮ್ಮ ಮನಸಾರೆ ಕೊಟ್ಟದ್ದೂ ಇದೊಂದನ್ನೇ. ಗುಜರಿಗೆ ಹಾಕುವಾಗ ಒಂದೊಂದು ಡಬ್ಬಕ್ಕೂ "ಇರ್ಲಿ ಬಿಡು, ಬೇಕಾಗುತ್ತೆ" ಅಂದವರು, ಇಲ್ಲಿ ತಾವೇ ಇನ್ನೂ ನಾಲ್ಕು ಸೀರೆ ತಂದು ಸೇರಿಸಿದರು.

ಟ್ರಂಕಿನ ತಳದಲ್ಲಿ ಅಂಚು ಹರಿದ ರೇಷ್ಮೆ ಸೀರೆ ಒಂದಿತ್ತು. ಬೀದಿಯಲ್ಲಿ ಹಳೇ ಜರಿ ಕೊಳ್ಳುವವನು ಸೆರಗಿನಿಂದ ಒಂದು ಎಳೆ ಕಿತ್ತು, ಉಗುರಿನಿಂದ ಕೆರೆದ. ಒಳಗೆ ಕೆಂಪು ರೇಷ್ಮೆ ದಾರ ಕಾಣಿಸಿತು. ಅಸಲಿ ಜರಿಯ ಗುರುತು ಅದು, ಮೇಲೆ ಸುತ್ತಿರೋದು ಬೆಳ್ಳಿ. 900 ಅಂದ. ಅಮ್ಮ ಸೀರೆಯನ್ನು ಅವನ ಕೈಯಿಂದ ವಾಪಸ್ ಎಳೆದುಕೊಂಡು ಒಳಗೆ ಹೋದರು. ಅದು ಈಗಲೂ ಟ್ರಂಕಿನಲ್ಲೇ ಇದೆ.

ಉಳಿದದ್ದು ಹಿತ್ತಲಿನ ಒರಳುಕಲ್ಲು. ಗುಜರಿಯವನಿಗೆ ಕಲ್ಲು ಬೇಡ. ಆನ್‌ಲೈನ್‌ನಲ್ಲಿ ಹಾಕಿದರೆ "ಕೊರಿಯರ್ ಮಾಡ್ತೀರಾ" ಅಂತ ಒಬ್ಬರು ಕೇಳಿದರು. ನಿಮಗೆ ಯಾರಿಗಾದರೂ ಬೇಕಿದ್ದರೆ ಸುಮ್ನೆ ಬಂದು ಒಯ್ಯಿರಿ, ದುಡ್ಡು ಬೇಡ. ಎತ್ತೋಕೆ ನಾಲ್ಕು ಜನರನ್ನು ಮಾತ್ರ ನೀವೇ ಕರೆತರಬೇಕು.