61 ಮೆಗಾಪಿಕ್ಸೆಲ್ ಕ್ಯಾಮೆರಾಗೆ ದುಡ್ಡು ಕಟ್ಟುವ ಮೊದಲು: ಕುಮಟಾ ಕಡೆ ಆದ ಒಂದು ಎಡವಟ್ಟು

ಕುಮಟಾ ಕಡೆಯ ಮದುವೆ ಸ್ಟುಡಿಯೊವೊಂದು ಇಎಂಐ ಕಟ್ಟಿಕೊಂಡು 61 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಬಾಡಿ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ, ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಂದಿತ್ತು. ಬೆಲೆ ಮೂರು ಲಕ್ಷದ ಮೇಲೆ. ಅಂಗಡಿಯವರು ಹೇಳಿದ್ದು ಒಂದೇ ಮಾತು: "ಎಷ್ಟು ಜೂಮ್ ಮಾಡಿದ್ರೂ ಫೋಟೊ ಒಡೆಯೋದಿಲ್ಲ ಸರ್." ಮದುವೆ ಸೀಸನ್ ಮುಗಿಯುವ ಮೊದಲೇ ಅದನ್ನು ನಷ್ಟಕ್ಕೆ ಮಾರಿ, ಹಳೆಯ 24 ಮೆಗಾಪಿಕ್ಸೆಲ್ ಬಾಡಿಯನ್ನೇ ಮತ್ತೆ ಹೆಗಲಿಗೆ ಹಾಕಿಕೊಳ್ಳಬೇಕಾಯಿತು. ಕ್ಯಾಮೆರಾದಲ್ಲಿ ಕುಂದೇನೂ ಇರಲಿಲ್ಲ. ಆ ಕೆಲಸಕ್ಕೆ ಅದು ಬೇಕಾಗಿರಲಿಲ್ಲ, ಅಷ್ಟೆ. ಕಾರವಾರದಿಂದ ಭಟ್ಕಳದವರೆಗೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಇದೇ ಆಸೆಯಲ್ಲಿ ಇರುವವರು ಹಲವರಿದ್ದಾರೆ. ಎಲ್ಲಿ ಕೈಕೊಟ್ಟಿತು, ಯಾಕೆ ಕೈಕೊಟ್ಟಿತು ಎಂದು ಅವರಿಗಾಗಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲ ಪೆಟ್ಟು ಬಿದ್ದದ್ದು ಮಂಟಪದಲ್ಲೇ. ಅಂತಃಪಟ ಸರಿದು ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಹಾಕುವ ಹೊತ್ತು. ಫೋಟೊಗ್ರಾಫರ್ ಬಟನ್ ಒತ್ತಿ ಹಿಡಿದರು. ಮೂರು ಸೆಕೆಂಡು ಪಟಪಟ ಓಡಿದ ಕ್ಯಾಮೆರಾ ಗಕ್ಕನೆ ನಿಂತಿತು. ಕಾರ್ಡ್ ಪಕ್ಕದ ಕೆಂಪು ದೀಪ ಉರಿಯುತ್ತಲೇ ಇದೆ, ಬೆರಳು ಒತ್ತಿದರೆ ಶಟರ್ ಬೀಳುತ್ತಿಲ್ಲ. ಮಾಲೆ ಹಾಕುವಾಗಲೂ ಎರಡು ಸೆಕೆಂಡಿಗೊಂದು ಫ್ರೇಮ್ ಬಿಟ್ಟರೆ ಬೇರೆ ಸಿಗಲಿಲ್ಲ.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 61 ಮೆಗಾಪಿಕ್ಸೆಲ್ ಅಂದರೆ ಅಗಲಕ್ಕೆ 9504, ಎತ್ತರಕ್ಕೆ 6336 ಪಿಕ್ಸೆಲ್. ಕಂಪ್ರೆಸ್ ಮಾಡದ ರಾ ಫೈಲ್ (ಸೆನ್ಸರ್ ಕೊಟ್ಟ ಮಾಹಿತಿ ಹಾಗೆಯೇ ಇರುವ ಫೈಲ್) ಒಂದಕ್ಕೆ ಸುಮಾರು 120 ಎಂಬಿ. ಒಳಗಿದ್ದದ್ದು ಹಳೆಯ ಕ್ಯಾಮೆರಾದ ವಿ30 ಕಾರ್ಡ್. ವಿ30 ಅಂದರೆ ಸೆಕೆಂಡಿಗೆ 30 ಎಂಬಿಗೆ ಮಾತ್ರ ಖಾತ್ರಿ. ಅದರ ಯುಎಚ್‌ಎಸ್-1 ದಾರಿಯ ಗರಿಷ್ಠ ಮಿತಿಯೇ 104 ಎಂಬಿ, ಬರೆಯುವಾಗ ಸಿಗುವುದು 60-70. ಅಂದಮೇಲೆ ಒಂದು ಫೈಲ್ ಇಳಿಯಲು ಹೆಚ್ಚುಕಡಿಮೆ ಎರಡು ಸೆಕೆಂಡು. ಬಫರಿನಲ್ಲಿ, ಅಂದರೆ ಕಾರ್ಡಿಗೆ ಇಳಿಯುವ ಮುಂಚೆ ಫೈಲ್ ಕಾಯುವ ಕ್ಯಾಮೆರಾದ ಒಳ ಮೆಮೊರಿಯಲ್ಲಿ, 30 ಫೈಲ್ ಕೂತಿದ್ದರೆ ಅದು ಪೂರ್ತಿ ಖಾಲಿಯಾಗಲು ಒಂದು ನಿಮಿಷವೇ ಬೇಕು. ಇಂಥ ಕ್ಯಾಮೆರಾಗೆ ಇನ್ನೂ ವೇಗದ ಯುಎಚ್‌ಎಸ್-2 ವಿ90 ಕಾರ್ಡ್ ಅಥವಾ ಸಿಎಫ್‌ಎಕ್ಸ್‌ಪ್ರೆಸ್ ಹಾಕಲೇಬೇಕು. ಮದುವೆ ಕೆಲಸದಲ್ಲಿ ಎರಡೂ ಸ್ಲಾಟಿಗೆ ಒಟ್ಟೊಟ್ಟಿಗೆ ಬರೆಯುವುದರಿಂದ ಎರಡರಲ್ಲೂ ಅದೇ ದರ್ಜೆಯ ಕಾರ್ಡ್ ಇರಬೇಕು. ಒಂದು ನಿಧಾನದ್ದಾದರೆ ಇನ್ನೊಂದೂ ಅದಕ್ಕಾಗಿ ಕಾಯುತ್ತದೆ. ಬಾಡಿಯ ಬೆಲೆ ಕೇಳುವವರು ಈ ಖರ್ಚನ್ನು ಕೇಳುವುದೇ ಇಲ್ಲ.

ಮನೆಗೆ ಬಂದಮೇಲೆ ಎರಡನೇ ಪೆಟ್ಟು. ಎರಡು ದಿನದ ಮದುವೆಗೆ 2500 ಫ್ರೇಮ್ ಎಂದಿಟ್ಟುಕೊಳ್ಳಿ, 300 ಜಿಬಿ ಆಯಿತು. ಬ್ಯಾಕಪ್ ಸೇರಿದರೆ 600. 24 ಮೆಗಾಪಿಕ್ಸೆಲ್‌ನ ಕಂಪ್ರೆಸ್ಡ್ ರಾ ಫೈಲ್ 25 ಎಂಬಿ ಆಸುಪಾಸು ಇರುವುದರಿಂದ ಅದೇ ಮದುವೆ 60-65 ಜಿಬಿಯಲ್ಲಿ ಮುಗಿಯುತ್ತಿತ್ತು. ಫೋಟೊಶಾಪಿನಲ್ಲಿ 16 ಬಿಟ್‌ನಲ್ಲಿ ತೆರೆದರೆ 61 ಮೆಗಾಪಿಕ್ಸೆಲ್ ಚಿತ್ರದ ಒಂದೊಂದು ಲೇಯರಿಗೂ ಸುಮಾರು 360 ಎಂಬಿ ರ‍್ಯಾಮ್ ಬೇಕು. ಮುಖದ ರೀಟಚ್‌ಗೆ ಮೂರು ಲೇಯರ್ ಹಾಕಿದರೆ ಒಂದು ಜಿಬಿ ದಾಟಿತು. 8 ಜಿಬಿ ರ‍್ಯಾಮಿನ ಕಂಪ್ಯೂಟರ್ ಅಲ್ಲಿಗೇ ಸುಸ್ತು. 32 ಜಿಬಿ ರ‍್ಯಾಮ್, ಎನ್‌ವಿಎಂಇ ಎಸ್‌ಎಸ್‌ಡಿ ಇಲ್ಲದೆ ಈ ಕೆಲಸಕ್ಕೆ ಕೂರಲೇಬಾರದು. ಹುಬ್ಬಳ್ಳಿಯ ಆಲ್ಬಮ್ ಡಿಸೈನರಿಗೆ ಇಂಟರ್ನೆಟ್ಟಿನಲ್ಲಿ ಕಳಿಸೋಣ ಅಂದರೆ, 50 ಎಂಬಿಪಿಎಸ್ ಅಪ್‌ಲೋಡ್ ಒಂದೇ ಸಮ ಸಿಕ್ಕಿದರೂ 300 ಜಿಬಿಗೆ 13 ಗಂಟೆ ಮೇಲೆ. ನಡುವೆ ಕರೆಂಟು ಹೋದರೆ ಮುಗಿಯಿತು. ಕೊನೆಗೆ ಹಾರ್ಡ್ ಡಿಸ್ಕನ್ನು ಬಸ್ಸಿನಲ್ಲಿ ಪಾರ್ಸೆಲ್ ಹಾಕಬೇಕಾಯಿತು. ಆಲ್ಬಮ್ ತಡವಾಯಿತು, ಬಾಕಿ ಹಣ ಅದಕ್ಕಿಂತ ತಡವಾಗಿ ಬಂತು.

ಲಾಸ್‌ಲೆಸ್ ಕಂಪ್ರೆಸ್ಡ್ ರಾ ಇರುವ ಬಾಡಿಗಳಲ್ಲಿ ಗಾತ್ರ ಸಾಕಷ್ಟು ಇಳಿಯುತ್ತದೆ, ಗುಣಮಟ್ಟ ಕೆಡುವುದಿಲ್ಲ. ಕೊಳ್ಳುವುದೇ ಆದರೆ ಆ ಸೌಲಭ್ಯ ಇದೆಯೇ ಎಂದು ನೋಡಿಯೇ ಕೊಳ್ಳಿ. ಕೆಲವು ಹೊಸ ಬಾಡಿಗಳಲ್ಲಿ 26 ಮೆಗಾಪಿಕ್ಸೆಲ್‌ನ ಮಧ್ಯಮ ರಾ ಕೂಡ ಇದೆ. ಆದರೆ ಇಡೀ ವರ್ಷ ಅದರಲ್ಲೇ ತೆಗೆಯುವುದಾದರೆ ಹೆಚ್ಚಿನ ದುಡ್ಡು ಕೊಟ್ಟದ್ದು ಯಾತಕ್ಕೆ?

ಇನ್ನು ಚಿತ್ರದ ವಿಚಾರ. ಆ ಸ್ಟುಡಿಯೊದವರಿಗೆ ಹೆಚ್ಚು ಬೇಸರವಾದದ್ದು ಇದರಿಂದಲೇ. ಪರದೆಯ ಮೇಲೆ ನೂರು ಪರ್ಸೆಂಟಿಗೆ ಹಿಗ್ಗಿಸಿದಾಗ ಅರ್ಧಕ್ಕರ್ಧ ಫೋಟೊ ಮಸುಕಾಗಿ ಕಂಡವು. ಮೂರು ಕಾರಣ ಒಟ್ಟಿಗೆ ಕೂಡಿದ್ದವು.

ಕೈ ನಡುಕ ಮೊದಲನೆಯದು. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮಿನಲ್ಲಿ ಒಂದೊಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಮೈಕ್ರಾನ್), 61ರಲ್ಲಿ 3.76 ಮೈಕ್ರಾನ್. ಅಷ್ಟೇ ನಡುಕ ಈಗ ಹೆಚ್ಚು ಪಿಕ್ಸೆಲ್ ದಾಟುತ್ತದೆ. 85 ಎಂಎಂ ಲೆನ್ಸಿಗೆ ಸೆಕೆಂಡಿನ 1/100 ಶಟರ್ ವೇಗ ಸಾಕು ಎಂಬ ಹಳೆಯ ಅಂದಾಜು ಇಲ್ಲಿ ನಡೆಯುವುದಿಲ್ಲ, 1/200 ಬೇಕು. ಸ್ಟೆಬಿಲೈಸೇಶನ್ ನಿಮ್ಮ ಕೈಯನ್ನು ತಡೆದೀತು, ಮದುಮಗಳು ತಲೆ ತಿರುಗಿಸುವುದನ್ನು ತಡೆಯಲಾರದು. ಕಲ್ಯಾಣ ಮಂಟಪದ ಬೆಳಕಿನಲ್ಲಿ 1/200ಕ್ಕೆ ಹೋದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200 ಇದ್ದದ್ದು 6400 ಆಗುತ್ತದೆ. ಹೆಚ್ಚುವರಿ ಪಿಕ್ಸೆಲ್‌ನಿಂದ ಬರಬೇಕಿದ್ದ ಸೂಕ್ಷ್ಮ ವಿವರವನ್ನು ನಾಯ್ಸ್, ಅಂದರೆ ಚಿತ್ರದ ಮೇಲೆ ಕಾಣುವ ಕಾಳುಕಾಳು ಚುಕ್ಕೆ, ನುಂಗುತ್ತದೆ. ಮೇಲಿಂದ ಎಲ್‌ಇಡಿ ಕಾಟ. ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/50 ಅಥವಾ 1/100ರಲ್ಲಿ ಇದ್ದರೆ ತೊಂದರೆ ಇಲ್ಲ, 1/200ಕ್ಕೆ ಏರಿಸಿದರೆ ಫೋಟೊದಲ್ಲಿ ಕಪ್ಪು-ಹಳದಿ ಪಟ್ಟೆ ಬೀಳಲು ಶುರು. ಆ್ಯಂಟಿ-ಫ್ಲಿಕರ್ ಆನ್ ಮಾಡಿದರೆ ಸ್ವಲ್ಪ ಸುಧಾರಿಸುತ್ತದೆ, ಡಿಮ್ಮರ್ ಹಾಕಿದ ಸ್ಟೇಜ್ ಪ್ಯಾನೆಲ್‌ಗಳ ಮಿಣುಕು ಬೇರೆ ಲಯದ್ದಾದ್ದರಿಂದ ಅಲ್ಲಿ ಅದೂ ಸಾಲದು.

ಎರಡನೆಯದು ಫೋಕಸ್. 85 ಎಂಎಂ, ಎಫ್ 1.8 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), ಮೂರು ಮೀಟರ್ ದೂರ. ಸಾಧಾರಣ ಪ್ರಿಂಟಿನ ಮಟ್ಟದಲ್ಲಿ ನೋಡಿದರೆ ಚೂಪಾಗಿ ಕಾಣುವ ಆಳ ಸುಮಾರು 13 ಸೆಂಟಿಮೀಟರ್. ಪಿಕ್ಸೆಲ್ ಮಟ್ಟಕ್ಕೆ ಹಿಗ್ಗಿಸಿದರೆ ಅದು ಮೂರು ಸೆಂಟಿಮೀಟರಿನಷ್ಟಕ್ಕೆ ಇಳಿಯುತ್ತದೆ. ಮೂಗುತಿಯ ಹರಳು ಎಣಿಸುವಷ್ಟು ಸ್ಪಷ್ಟ, ಕಿವಿಯ ಓಲೆ ಕರಗಿದಂತೆ. ಗ್ರಾಹಕರು ಫೋನಿನಲ್ಲಿ ಹಿಗ್ಗಿಸಿ ನೋಡಿ "ಇದು ಔಟ್ ಆಫ್ ಫೋಕಸ್ ಅಲ್ವಾ?" ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಲೆನ್ಸ್ ಮೂರನೆಯದು. ದುಡ್ಡೆಲ್ಲ ಬಾಡಿಯ ಮೇಲೇ ಸುರಿದು, ಅದರ ಮುಂದೆ ಹಳೆಯ ಕಿಟ್ ಜೂಮ್ ಹಾಕಿದ್ದರು. ನಡುಭಾಗ ಹೇಗೋ ನಡೆಯಿತು. ಗುಂಪು ಫೋಟೊದ ಎರಡೂ ಅಂಚಿನಲ್ಲಿ ನಿಂತ ಚಿಕ್ಕಪ್ಪ, ಸೋದರತ್ತೆಯರ ಮುಖ ಕಲಸಿದವು. ಲೆನ್ಸ್ ಕೊಡದ ವಿವರವನ್ನು ಸೆನ್ಸರ್ ಹುಟ್ಟಿಸಲಾರದು.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಪಡಿಸಬೇಕು. "ಮೆಗಾಪಿಕ್ಸೆಲ್ ಜಾಸ್ತಿಯಾದರೆ ಕತ್ತಲಲ್ಲಿ ಫೋಟೊ ಕೆಡುತ್ತದೆ" ಎಂಬ ಮಾತು ಪೂರ್ತಿ ನಿಜವಲ್ಲ. ಸೆನ್ಸರ್ ಗಾತ್ರ, ಅದರ ತಂತ್ರಜ್ಞಾನದ ತಲೆಮಾರು ಒಂದೇ ಇದ್ದು, ಎರಡೂ ಚಿತ್ರಗಳನ್ನು ಒಂದೇ ಅಳತೆಗೆ ಪ್ರಿಂಟ್ ಮಾಡಿದರೆ ನಾಯ್ಸ್ ಹೆಚ್ಚುಕಡಿಮೆ ಸಮ. ನೂರು ಪರ್ಸೆಂಟಿಗೆ ಹಿಗ್ಗಿಸಿದಾಗ ಮಾತ್ರ ಹೆಚ್ಚು ಕಾಣುತ್ತದೆ. ಅಂದರೆ ಕತ್ತಲಲ್ಲಿ ಈ ಬಾಡಿ ನಿಮ್ಮ ಚಿತ್ರ ಕೆಡಿಸುವುದಿಲ್ಲ, ಕೊಟ್ಟ ದುಡ್ಡಿಗೆ ತಕ್ಕ ಲಾಭವನ್ನೂ ಕೊಡುವುದಿಲ್ಲ.

ಹಾಗಾದರೆ ಮದುವೆಗೆ ಎಷ್ಟು ಪಿಕ್ಸೆಲ್ ಬೇಕು? ಆಲ್ಬಮ್ಮಿನಿಂದ ಹಿಂದಕ್ಕೆ ಲೆಕ್ಕ ಹಾಕಿ. 12×18 ಇಂಚಿನ ಶೀಟನ್ನು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಪ್ರಿಂಟ್ ಮಾಡಲು 3600×5400 ಪಿಕ್ಸೆಲ್ ಸಾಕು, ಅದು 19.4 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಅಂದರೆ 6000×4000, ಇನ್ನೂ ಮಿಗುತ್ತದೆ. ಡಿಸೈನರ್ ಅರ್ಧಕ್ಕೆ ಕತ್ತರಿಸಿದರೂ ಉಳಿಯುವ 12 ಮೆಗಾಪಿಕ್ಸೆಲ್ 8×12ಕ್ಕೆ ಧಾರಾಳ. ಒಂದೇ ಫೋಟೊವನ್ನು 36 ಇಂಚಿನ ಪೂರ್ತಿ ಸ್ಪ್ರೆಡ್ಡಿಗೆ ಹಾಸಿದರೆ ಮಾತ್ರ 24ರಲ್ಲಿ ಇಂಚಿಗೆ 166 ಪಿಕ್ಸೆಲ್, 61ರಲ್ಲಿ 264. ಹತ್ತಿರ ಹಿಡಿದು ನೋಡಿದರೆ ವ್ಯತ್ಯಾಸ ಕಂಡೀತು. ಅಂಥ ಸ್ಪ್ರೆಡ್ ಒಂದು ಆಲ್ಬಮ್ಮಿನಲ್ಲಿ ಎಷ್ಟಿರುತ್ತವೆ ಎಂದು ನಿಮ್ಮ ಹಳೆಯ ಆಲ್ಬಮ್‌ಗಳನ್ನೇ ತೆಗೆದು ಎಣಿಸಿ. 4ಕೆ ಟಿವಿ ತೋರಿಸುವುದು 8.3 ಮೆಗಾಪಿಕ್ಸೆಲ್ ಮಾತ್ರ. ಹತ್ತು ಅಡಿಯ ಫ್ಲೆಕ್ಸಿಗೆ 24ರಿಂದ ಇಂಚಿಗೆ 50 ಪಿಕ್ಸೆಲ್ ಸಿಗುತ್ತದೆ, ರಸ್ತೆಯಿಂದ ನೋಡುವವರಿಗೆ ಅದು ಸಾಕು.

ಇನ್ನೊಂದು ಲೆಕ್ಕವೂ ತಿಳಿದಿರಲಿ. 24ರಿಂದ 61ಕ್ಕೆ ಹೋದರೆ ಎರಡೂವರೆ ಪಟ್ಟು ಎಂದು ಕೇಳಿಸುತ್ತದೆ. ಆದರೆ ಚಿತ್ರದ ಅಗಲದಲ್ಲಿ ಹೆಚ್ಚಾಗುವುದು 1.58 ಪಟ್ಟು ಮಾತ್ರ. ಪ್ರಿಂಟಿನ ಉದ್ದಗಲವನ್ನು ಇಮ್ಮಡಿ ಮಾಡಲು ಪಿಕ್ಸೆಲ್ ನಾಲ್ಕು ಪಟ್ಟು ಬೇಕು.

ಯಕ್ಷಗಾನ ತೆಗೆಯುವವರು ಒಂದು ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಭಾಗವತರ ಪದಕ್ಕೆ ಅಡ್ಡಿಯಾಗಬಾರದೆಂದು ಸದ್ದಿಲ್ಲದ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಹಾಕುತ್ತೇವೆ. ಹೈ ರೆಸೊಲ್ಯೂಶನ್‌ನ ಕೆಲವು ಸೆನ್ಸರ್‌ಗಳು ಮೇಲಿಂದ ಕೆಳಗಿನವರೆಗೆ ಚಿತ್ರ ಓದಿ ಮುಗಿಸಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಮಂಡಿ ಹಾಕುವ ಕಲಾವಿದ ಎಷ್ಟೋ ತಿರುಗಿರುತ್ತಾನೆ. ಕೇದಗೆ ಮುಂದಲೆ ಒಂದು ಕಡೆ ವಾಲಿ, ಸೊಂಟ ಇನ್ನೊಂದು ಕಡೆ ಜಾರಿದಂತೆ ಬರುತ್ತದೆ. ರಂಗದ ಎಲ್‌ಇಡಿ ಅಷ್ಟು ಹೊತ್ತಿನಲ್ಲಿ ಹತ್ತು ಸಲ ಮಿಣುಕುವುದರಿಂದ ವೇಷದ ಮೇಲೆ ಹತ್ತು ಪಟ್ಟೆ. ಶಟರ್ ವೇಗವನ್ನು 1/2000ಕ್ಕೆ ಏರಿಸಿದರೂ ಈ ವಾಲುವಿಕೆ ಹೋಗುವುದಿಲ್ಲ, ಏಕೆಂದರೆ ದೋಷ ಓದುವ ವೇಗದಲ್ಲಿದೆ. ಮೆಕ್ಯಾನಿಕಲ್ ಶಟರಿನಲ್ಲೇ ತೆಗೆಯಿರಿ.

ಹಾಗೆಂದು ಹೈ ರೆಸೊಲ್ಯೂಶನ್ ಯಾರಿಗೂ ಬೇಡ ಎನ್ನುತ್ತಿಲ್ಲ. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಕಾವಿ ಕಲೆಯನ್ನೇ ನೋಡಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು ಕೆರೆದು ಬಿಡಿಸಿದ ಚಿತ್ರಗಳು. ಜೀರ್ಣೋದ್ಧಾರದ ಹೆಸರಿನಲ್ಲಿ ಗೋಡೆ ಒಡೆಯುವ ಮುಂಚೆ ಅವನ್ನು ದಾಖಲಿಸುವವರಿಗೆ ಪ್ರತಿ ಪಿಕ್ಸೆಲ್ ಕೂಡ ಬೇಕು. ಎರಡು ಮೀಟರ್ ಅಗಲದ ಗೋಡೆಯನ್ನು 24ರಲ್ಲಿ ತೆಗೆದರೆ ಒಂದು ಪಿಕ್ಸೆಲ್ಲಿಗೆ 0.33 ಮಿಲಿಮೀಟರ್ ಬರುತ್ತದೆ, 61ರಲ್ಲಿ 0.21. ಕೆರೆದ ಗೆರೆಯ ಅಂಚು, ಗಾರೆಯ ಬಿರುಕು ಸ್ಪಷ್ಟವಾಗುತ್ತವೆ. ಟ್ರೈಪಾಡ್, ಗೋಡೆಗೆ ಸಮಾನಾಂತರವಾಗಿ ಕ್ಯಾಮೆರಾ, 50 ಎಂಎಂ ಮ್ಯಾಕ್ರೊ, ಎಫ್ 5.6ರಿಂದ 8, ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್. ತಾಳೆಗರಿ, ಹಳೆಯ ದಾಖಲೆಪತ್ರಗಳಿಗೂ ಇದೇ ಕ್ರಮ.

ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿ ತೆಗೆಯುವವರಿಗೂ ಲಾಭವಿದೆ. 400 ಎಂಎಂ ಹಾಕಿ ಎಪಿಎಸ್-ಸಿ ಕ್ರಾಪ್‌ಗೆ (ಸೆನ್ಸರಿನ ನಡುಭಾಗ ಮಾತ್ರ ಬಳಸುವ ಕ್ರಮ) ಬದಲಿಸಿದರೆ 600 ಎಂಎಂನಷ್ಟು ನೋಟ ಸಿಕ್ಕಿ ಕೈಯಲ್ಲಿ 26 ಮೆಗಾಪಿಕ್ಸೆಲ್ ಉಳಿಯುತ್ತದೆ. ಆದರೆ ನಡುಮಧ್ಯಾಹ್ನ ಕಾರವಾರದ ಕಡಲತೀರದಲ್ಲಿ ನಿಂತು ಕೂರ್ಮಗಡ ನಡುಗಡ್ಡೆಗೆ ಗುರಿಯಿಟ್ಟರೆ ಎಷ್ಟು ಪಿಕ್ಸೆಲ್ ಇದ್ದರೂ ವ್ಯರ್ಥ. ನಡುವಿನ ಬಿಸಿಗಾಳಿ, ಉಪ್ಪಿನ ಮಬ್ಬು ವಿವರವನ್ನೆಲ್ಲ ಅಳಿಸಿರುತ್ತವೆ. ಬೆಳಗಿನ ತಂಪಿನಲ್ಲಿ ಪ್ರಯತ್ನಿಸಿ.

ಯಾಣ, ಉಂಚಳ್ಳಿ, ಮಾಗೋಡು ಸುತ್ತುವವರಿಗೆ: ಜಲಪಾತದ ನೀರು ಹಾಲಿನಂತೆ ಬರಲೆಂದು ಎಫ್ 16, 22ಕ್ಕೆ ಮುಚ್ಚಬೇಡಿ. ಎಫ್ 16ರಲ್ಲಿ ಬೆಳಕಿನ ಒಂದು ಚುಕ್ಕೆ ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ಕಿಂಡಿ ದಾಟುವಾಗ ಬೆಳಕು ಚದುರುವುದರಿಂದ) ಸುಮಾರು 21 ಮೈಕ್ರಾನ್ ಹರಡುತ್ತದೆ, ಅಂದರೆ 61 ಮೆಗಾಪಿಕ್ಸೆಲ್ ಸೆನ್ಸರಿನ ಐದಾರು ಪಿಕ್ಸೆಲ್ ಅಗಲ. ಎಫ್ 8ರಲ್ಲೇ ಇಟ್ಟು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ.

ಫೋನಿನ 200 ಮೆಗಾಪಿಕ್ಸೆಲ್ ಮಾತಿಗೆ ಮರುಳಾಗಬೇಡಿ. ಅಲ್ಲಿ 16 ಪಿಕ್ಸೆಲ್ ಸೇರಿಸಿ ಒಂದು ಮಾಡಿ ಕೊಡುವ ಚಿತ್ರ ಸಾಮಾನ್ಯವಾಗಿ 12.5 ಮೆಗಾಪಿಕ್ಸೆಲ್. ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ಬರುವ "48 ಮೆಗಾಪಿಕ್ಸೆಲ್ 4ಕೆ" ಕ್ಯಾಮೆರಾಗಳಲ್ಲಿ ಬಹಳಷ್ಟು ಸಣ್ಣ ಸೆನ್ಸರಿನ ಚಿತ್ರವನ್ನು ಸಾಫ್ಟ್‌ವೇರಿನಿಂದ ಹಿಗ್ಗಿಸಿ ಕೊಡುವಂಥವು. ಮಕ್ಕಳಿಗಾಗಿ ಕೂಡ ತರಬೇಡಿ.

ಮಳೆಗಾಲದ ತೇವದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿದರೆ ಮೊದಲು ಹೋಗುವುದೇ ನೀವು ದುಡ್ಡು ಕೊಟ್ಟು ತಂದ ಆ ಸೂಕ್ಷ್ಮ ವಿವರ. ಡ್ರೈ ಕ್ಯಾಬಿನೆಟ್ 40-50 ಪರ್ಸೆಂಟ್ ತೇವಾಂಶದಲ್ಲಿರಲಿ. ಅದಿಲ್ಲದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ಕಡಲತೀರದಲ್ಲಿ ಗಾಳಿಗೆ ಎದುರಾಗಿ ಲೆನ್ಸ್ ಬದಲಿಸುವುದೂ ಬೇಡ.

ಇಷ್ಟಾದ ಮೇಲೂ ಮನಸ್ಸು ಎಳೆಯುತ್ತಿದ್ದರೆ, ಕೊಳ್ಳುವ ಮೊದಲು ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ನಿಮ್ಮದೇ ಲೆನ್ಸ್ ಹಾಕಿ, ನಿಮ್ಮೂರಿನ ಸಭಾಭವನದ ಬೆಳಕಿನಲ್ಲೇ ಎರಡೂ ಬಾಡಿಗಳಿಂದ ಅದೇ ದೃಶ್ಯ ತೆಗೆಯಿರಿ. ರಾ ಹಾಕಿ ಬಫರ್ ತುಂಬುವವರೆಗೆ ಒತ್ತಿ, ಕೆಂಪು ದೀಪ ಆರಲು ಹಿಡಿಯುವ ಸಮಯ ಬರೆದುಕೊಳ್ಳಿ. 200 ಫೈಲ್ ನಿಮ್ಮ ಕಂಪ್ಯೂಟರಿಗೇ ಇಳಿಸಿ, ಪ್ರಿವ್ಯೂ ಮೂಡುವ ಹೊತ್ತು ನೋಡಿ. ಆಮೇಲೆ ಎರಡರಿಂದಲೂ ಒಂದೊಂದು ಚಿತ್ರ ಆರಿಸಿ ನಿಮ್ಮ ಲ್ಯಾಬಿನಲ್ಲೇ 12×18 ಪ್ರಿಂಟ್ ಹಾಕಿಸಿ. ಯಾವುದು ಯಾವ ಕ್ಯಾಮೆರಾದ್ದು ಎಂದು ಹೇಳದೆ ಲ್ಯಾಬಿನವರಿಗೂ ಮನೆಯವರಿಗೂ ತೋರಿಸಿ.

ಸೆಕೆಂಡ್ ಹ್ಯಾಂಡ್ ನೋಡುವವರು ಶಟರ್ ಕೌಂಟ್, ಅಂದರೆ ಈವರೆಗೆ ಶಟರ್ ಎಷ್ಟು ಸಲ ಬಿದ್ದಿದೆ ಎಂದು, ಕೇಳಿ. ನಿಕಾನ್ ಡಿ850ರ ಶಟರಿಗೆ ಕಂಪನಿ ಹೇಳಿದ ಆಯಸ್ಸು 2 ಲಕ್ಷ, ಸೋನಿ ಎ7ಆರ್ ನಾಲ್ಕನೇ ಮಾಡೆಲಿಗೆ 5 ಲಕ್ಷ. ಎಫ್ 16ರಲ್ಲಿ ಬಿಳಿ ಗೋಡೆಯ ಒಂದು ಫೋಟೊ ತೆಗೆದರೆ ಸೆನ್ಸರಿನ ಧೂಳು, ಗೀರು ಕಾಣುತ್ತವೆ. ಜಿಎಸ್‌ಟಿ ಬಿಲ್ಲಿನ ಸೀರಿಯಲ್ ನಂಬರನ್ನು ಬಾಡಿಯ ಅಡಿಯಲ್ಲಿರುವ ನಂಬರಿನೊಂದಿಗೆ ತಾಳೆ ನೋಡಿಯೇ ಹಣ ಕೊಡಿ.